ಅಕ್ಕವ್ವನ ಕಾಪಿ ಪುಸ್ತಕ

“ಒಂದು, ಎರಡು, ಮೂರು...”

ಬಾಗಿಲಲ್ಲಿ ನಿಂತ ಅಪರಿಚಿತನೊಬ್ಬ ಬೆರಳು ಚಾಚಿ ಜಲಜಾಳ ವಿದ್ಯಾರ್ಥಿಗಳನ್ನು ಎಣಿಸುತ್ತಿದ್ದ. ಅವಳ ಕೈಯಲ್ಲಿದ್ದ ಸೀಮೆಸುಣ್ಣ ಬೋರ್ಡಿನ ಮೇಲೇ ನಿಂತಿತು.

“ಯಾರ್ರೀ ನೀವು? ಕುರಿ ಎಣಿಸೋ ಹಾಗೆ ಎಣಿಸ್ತಾ ಇದೀರಲ್ಲ!”

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆತ ನಗಲಿಲ್ಲ. ಚಪ್ಪಲಿಯನ್ನು ಹೊರಗೇ ಬಿಟ್ಟು ಬಂದಿದ್ದ. ಅದನ್ನು ಕಂಡು ಜಲಜಾಳ ಕೋಪ ಅರ್ಧ ಇಳಿಯಿತು. ದೇವಸ್ಥಾನಕ್ಕೆ ಬರುವ ಹಾಗೆ ತರಗತಿಗೆ ಬರುವವರನ್ನು ಅವಳು ಕಂಡಿರಲಿಲ್ಲ.

“ಕ್ಷಮಿಸ್ರಿ ಮೇಡಂ. ನಾನು ಫಕೀರೇಶ. ಕೆಂಗೇರಿ ಕಡೆ ನಮ್ಮ ಮುಖ್ಯ ಕ್ಯಾಂಪಸ್‌ನಾಗ ಗುಮಾಸ್ತ. ನಾಕು ಸೋಮವಾರ ಬಂದು ತಲಿ ಎಣಿಸಿ ಬಾ ಅಂತ ಕಳಿಸ್ಯಾರ.”

“ಎಣಿಸಿ?”

ಆತ ಒಂದು ಕಾಗದ ಕೊಟ್ಟ. ಜಲಜಾ ಓದಿದಳು. ವಿಶ್ವವಿದ್ಯಾಲಯಕ್ಕೆ ಬರುವ ಅನುದಾನ ಕಡಿಮೆಯಾಗಿದೆ, ವಿಭಾಗಗಳನ್ನು ಮರುಹೊಂದಿಸಬೇಕಾಗಿದೆ. ಹದಿನೈದಕ್ಕಿಂತ ಕಡಿಮೆ ಹಾಜರಾತಿ ಇರುವ ತರಗತಿಗಳನ್ನು ಮುಖ್ಯ ಕ್ಯಾಂಪಸ್ಸಿನ ಹಗಲು ತರಗತಿಯೊಂದಿಗೆ ವಿಲೀನ ಮಾಡಲಾಗುವುದು. ಆಕ್ಷೇಪವಿದ್ದರೆ ದಸರಾ ರಜೆಯ ಮರುದಿನದೊಳಗೆ ಲಿಖಿತವಾಗಿ ತಿಳಿಸುವುದು.

ರಾಜಾಜಿನಗರದ ಈ ಹಳೆಯ ಕಟ್ಟಡದಲ್ಲಿ ಸಂಜೆ ಆರಕ್ಕೆ ಕನ್ನಡ ಎಂ.ಎ. ಓದಲು ಬರುತ್ತಿದ್ದವರು ಹನ್ನೆರಡು ಜನ. ಶಿಲ್ಪಾ ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿದು ಬರುತ್ತಿದ್ದಳು. ಅರುಣ ಮನೆಮನೆಗೆ ಊಟ ತಲುಪಿಸುವ ಬೈಕಿನಲ್ಲೇ ಬರುತ್ತಿದ್ದ. ಹಗಲು ತರಗತಿ ಎಂದರೆ ಇವರಿಗೆ ತರಗತಿಯೇ ಇಲ್ಲ ಎಂದರ್ಥ. ಒಂಬತ್ತು ವರ್ಷದಿಂದ ಇಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದ ಜಲಜಾಳಿಗೂ ಅಷ್ಟೇ.

“ಹನ್ನೊಂದು ಅದಾರ್ರಿ,” ಎಂದ ಫಕೀರೇಶ.

“ಅರುಣ ಇನ್ನೂ ಬಂದಿಲ್ಲ. ಆರ್ಡರ್ ಮುಗಿಸಿಕೊಂಡು ಬರ್ತಾನೆ.”

“ಹಂಗಾದ್ರ ಕುಂದರತೀನಿ.” ಆತ ಹಿಂದಿನ ಬೆಂಚಿನಲ್ಲಿ ಕುಳಿತ. ಅರುಣ ಹೆಲ್ಮೆಟ್ ಹಿಡಿದು ಓಡಿ ಬಂದಾಗ ಆರೂ ನಲವತ್ತು. ಆಮೇಲೇ ಫಕೀರೇಶ ಕಾಗದದಲ್ಲಿ ಹನ್ನೆರಡು ಎಂದು ಬರೆದ.

ಎರಡನೆಯ ಸೋಮವಾರ ಪಾಠದ ನಡುವೆ ಕರೆಂಟು ಹೋಯಿತು. ಯಾರೂ ಏಳಲಿಲ್ಲ. ಫಕೀರೇಶ ಎದ್ದು ಬಂದು, ಮೊಬೈಲಿನ ಬೆಳಕನ್ನು ಜಲಜಾಳ ಪುಸ್ತಕದ ಮೇಲೆ ಹಿಡಿದು ನಿಂತ. ಐದು ನಿಮಿಷ, ಹತ್ತು ನಿಮಿಷ, ಅರ್ಧ ಗಂಟೆ... ಕೈ ಇಳಿಸಲಿಲ್ಲ.

‘ಇವರ ಕೈ ನೋಯುವುದಿಲ್ಲವೇ?’ ಎಂದುಕೊಂಡಳು ಜಲಜಾ. ಓದುತ್ತಿದ್ದ ಸಾಲು ತಪ್ಪಿತು! ಮದುವೆಯ ಮಾತೇ ಮರೆತಿದ್ದ ಮೂವತ್ತೈದಕ್ಕೆ ಇದೆಂಥ ತಳಮಳ ಎಂದು ತನ್ನ ಮೇಲೇ ಸಿಟ್ಟು ಬಂತು.

ಮೆಟ್ಟಿಲಿಳಿಯುವಾಗ ಕೇಳಿದಳು, “ಅಷ್ಟು ಹೊತ್ತು ಯಾಕೆ ನಿಂತ್ರಿ? ಎಣಿಸಿದ ಮೇಲೆ ನಿಮ್ಮ ಕೆಲಸ ಮುಗೀತಲ್ಲ?”

“ನಮ್ಮವ್ವ ಐವತ್ತೈದನೇ ವಯಸ್ಸಿಗೆ ಅಕ್ಷರ ಕಲತಳ್ರಿ. ಹಗಲೆಲ್ಲ ಹೊಲದಾಗ ಕೆಲಸ, ಸಂಜೀಕ ಶಾಲಿ. ಹೋದ ಶಿವರಾತ್ರಿಗೆ ತೀರಿಕೊಂಡಳು.” ಆತ ಹೆಗಲಿನ ಚೀಲವನ್ನು ಒಮ್ಮೆ ಮುಟ್ಟಿಕೊಂಡ. “ಸಂಜೀ ಶಾಲಿ ಬಾಗಿಲು ಹಾಕೋ ಕಾಗದ ನನ್ನ ಕೈಲೇ ಕಳಿಸ್ಯಾರ ನೋಡ್ರಿ.”

ಜಲಜಾಳ ತಂದೆ ತೀರಿಕೊಂಡು ಆರು ವರ್ಷವಾಗಿತ್ತು. ಬಸ್ ನಿಲ್ದಾಣದವರೆಗೂ ಇಬ್ಬರೂ ಸುಮ್ಮನೆ ನಡೆದರು. ಸತ್ತವರನ್ನು ನೆನೆದು ಜೊತೆಯಾಗಿ ಸುಮ್ಮನಿರಬಲ್ಲವರು ಒಬ್ಬರಿಗೊಬ್ಬರು ಬೇಗ ಹತ್ತಿರವಾಗುತ್ತಾರೆ. ಅದು ಆ ಭಗವಂತನ ಕರುಣೆ.

ನಾಲ್ಕನೆಯ ಸೋಮವಾರ ಸರಸ್ವತಿ ಪೂಜೆ. ಕೋಣೆಯ ಮೂಲೆಯಲ್ಲಿ ದೇವಿಯ ಪಟವಿಟ್ಟು, ಹನ್ನೆರಡು ಜನರೂ ತಮ್ಮ ಪುಸ್ತಕ, ಪೆನ್ನು ತಂದು ಜೋಡಿಸಿದರು. ಎಲ್ಲಕ್ಕೂ ಮೇಲೆ ಜಲಜಾ ಒಂದು ಕಡತ ಇಟ್ಟಳು. ಅದೇ ಅವರ ಆಕ್ಷೇಪ. ಹನ್ನೆರಡು ಜನ ಸ್ವಂತ ಕೈಯಲ್ಲಿ ಬರೆದ ಹನ್ನೆರಡು ಪತ್ರಗಳು. ಅದರ ಮೇಲೆ ತಂದೆಯ ರೇಷ್ಮೆ ಶಲ್ಯ ಹೊದಿಸಿದಳು. ಕಡತದ ಕೆಂಪು ದಾರ ಮಾತ್ರ ಶಲ್ಯದಾಚೆ ಇಳಿಬಿದ್ದಿತ್ತು. ಎಣಿಸಲು ಬಂದಿದ್ದ ಫಕೀರೇಶನೂ ಅದಕ್ಕೆ ಕೈ ಮುಗಿದ.

“ವಿಜಯದಶಮಿವರೆಗೂ ಯಾರೂ ಮುಟ್ಟಬಾರದು,” ಎಂದು ಅಟೆಂಡರ್ ಗಂಗಲಕ್ಷ್ಮಮ್ಮನ ಕೈಗೆ ಬೀಗದ ಕೈ ಕೊಟ್ಟಳು. “ತಾಯಿ ಆಶೀರ್ವಾದ ಆಗಲಿ. ರಜ ಮುಗಿದ ಮೇಲೆ ನಾನೇ ಕೊಟ್ಟು ಬರ್ತೀನಿ.”

“ನಾನಿರೋವಾಗ ಒಂದು ನೊಣ ಮುಟ್ಟಲ್ಲ, ಬಿಡಮ್ಮ!”

ಅದೇ ರಾತ್ರಿ ಜಲಜಾಳ ಫೋನಿಗೆ ಎಣಿಕೆಯ ವರದಿಯ ಪ್ರತಿ ಬಂತು. ‘ಹಾಜರಾತಿ ಹನ್ನೆರಡು. ವಿಲೀನಕ್ಕೆ ಅರ್ಹ.’ ಕೆಳಗೆ ಫಕೀರೇಶನ ಸಹಿ!

ಜಲಜಾ ಮತ್ತೆ ಮತ್ತೆ ಓದಿದಳು. ಅಕ್ಷರಗಳು ಬದಲಾಗಲಿಲ್ಲ. ಬೆಳಕು ಹಿಡಿದ ಕೈ ಇದೇ ಅಲ್ಲವೇ... ಅದೇ ಕೈ ಇದನ್ನೂ ಬರೆಯಿತೇ?

ಮರುದಿನ, ಮಂಗಳವಾರ, ತಾಯಿಯ ಕಣ್ಣಿನ ಪೊರೆಯ ಆಪರೇಷನ್. ವಿಜಯನಗರದ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿದ್ದಾಗ ಫೋನು ಅದುರಿತು. ಫಕೀರೇಶ. ತೆಗೆಯಲಿಲ್ಲ. ಮತ್ತೆ ಬಂತು. ಮತ್ತೆ ಮತ್ತೆ ಬಂತು.

‘ಈಗ ಸಮಾಧಾನ ಹೇಳುವುದಕ್ಕೆ ಕರೆಯುತ್ತಿದ್ದಾರೆ. ನನಗೆ ಯಾರ ಸಮಾಧಾನವೂ ಬೇಡ.’ ಫೋನನ್ನು ಚೀಲದ ತಳಕ್ಕೆ ತುರುಕಿದಳು.

ಬುಧವಾರ ಆಯುಧಪೂಜೆ. ದೀಪ ಹಚ್ಚಲೆಂದು ಸಂಜೆ ತರಗತಿಗೆ ಬಂದವಳು ಪಟದ ಮುಂದೆ ಕಲ್ಲಾದಳು.

ಶಲ್ಯ ಹಾಗೇ ಇತ್ತು. ಕೆಂಪು ದಾರ ಇರಲಿಲ್ಲ!

ದಶಮಿಗೆ ಮೊದಲು ಶಲ್ಯ ಎತ್ತುವ ಹಾಗಿಲ್ಲ. ಬೀಗ ತೆಗೆದುಕೊಟ್ಟ ಗಂಗಲಕ್ಷ್ಮಮ್ಮ ಆಗಲೇ ಮನೆಗೆ ಹೊರಟುಹೋಗಿದ್ದಳು. ಜಲಜಾ ಹೊರಗೆ ಓಡಿದಳು.

“ನಾಣಿ, ಒಳಗೆ ಯಾರು ಬಂದಿದ್ರು?”

ವಾಚ್‌ಮನ್ ನಾಣಿ ಗೇಟಿಗೆ ಬಾಳೆಕಂದು ಕಟ್ಟುತ್ತಿದ್ದ. “ಅದೇ ತಲೆ ಎಣಿಸೋ ಸಾರ್ ಬಂದಿದ್ರಲ್ಲ ಮೇಡಂ, ನೆನ್ನೆ ಮಧ್ಯಾಹ್ನ. ಕೆಂಪು ದಾರದ ಫೈಲು ಹಿಡ್ಕೊಂಡು ಆಟೋ ಹತ್ತಿದ್ರು. ಮಾತಾಡಿಸಿದ್ರೂ ನಿಲ್ಲಲಿಲ್ಲ.”

ಜಲಜಾ ಆತನಿಗೆ ಕರೆ ಮಾಡಿದಳು.

“ಮೇಡಂ! ನಿನ್ನಿಂದ ನಿಮಗ...”

“ಒಂದೇ ಪ್ರಶ್ನೆ. ದೇವರ ಮುಂದಿಟ್ಟ ಕಡತ ತೆಗೆದಿರಾ, ಇಲ್ವಾ?”

ಆತ ಮೆಲ್ಲನೆ ಹೇಳಿದ, “ತಗದೇನ್ರಿ. ತಪ್ಪು ಆಗೈತಿ, ಆದ್ರ...”

“ತಲೆ ಎಣಿಸಿದ್ದು ಸಾಲದೆ ಕಳ್ಳತನಕ್ಕೂ ಇಳಿದ್ರಾ? ಇನ್ನು ನಿಮ್ಮ ಮುಖ ನನಗೆ ತೋರಿಸಬೇಡಿ!”

ನಂಬರನ್ನೇ ಬ್ಲಾಕ್ ಮಾಡಿಬಿಟ್ಟಳು. ಆಮೇಲೆ ದೇವಿಯ ಮುಂದೆ ಕುಳಿತು ಅತ್ತಳು. ತರಗತಿ ಹೋಯಿತೆಂದು ಅತ್ತಳೋ, ಆತ ಹೋದನೆಂದು ಅತ್ತಳೋ ಅವಳಿಗೇ ತಿಳಿಯಲಿಲ್ಲ.

ವಿಜಯದಶಮಿಯ ಬೆಳಗ್ಗೆ ಹನ್ನೆರಡು ಜನರೂ ಬಂದರು. ಮಂಗಳಾರತಿಯಾಯಿತು. ಜಲಜಾ ಶಲ್ಯ ತೆಗೆದಳು. ಒಬ್ಬೊಬ್ಬರೂ ತಮ್ಮ ಪುಸ್ತಕ ಕಣ್ಣಿಗೊತ್ತಿಕೊಂಡು ತೆಗೆದುಕೊಂಡರು.

“ಮೇಡಂ, ಈ ಕಾಪಿ ಪುಸ್ತಕ ಯಾರದು?” ಎಂದಳು ಶಿಲ್ಪಾ.

ಅಂಚು ಸವೆದ ಹಳೆಯ ಪುಸ್ತಕ. ತಮ್ಮದೆಂದು ಯಾರೂ ಹೇಳಲಿಲ್ಲ. ಜಲಜಾ ತೆರೆದಳು. ಮೊದಲ ಪುಟದ ತುಂಬ ನಡುಗುವ ಕೈಯ ದಪ್ಪ ಅಕ್ಷರಗಳು.

‘ನನ್ನ ಹೆಸರು ಅಕ್ಕವ್ವ.’

ಮುಂದಿನ ಪುಟದಲ್ಲಿ ‘ನನ್ನ ಗಂಡನ ಹೆಸರು ಭರಮಪ್ಪ.’ ಅದರ ಮುಂದಿನ ಪುಟ...

‘ನನ್ನ ಮಗನ ಹೆಸರು ಫಕೀರೇಶ.’

ಅಂದು ಮೆಟ್ಟಿಲ ಮೇಲೆ ಆತ ಚೀಲ ಮುಟ್ಟಿಕೊಂಡದ್ದು ಜಲಜಾಳ ಕಣ್ಣ ಮುಂದೆ ಬಂತು. ಇದು ಇಲ್ಲಿಗೆ ಹೇಗೆ ಬಂತು?

ಬಾಗಿಲ ಬಳಿ ನಿಂತಿದ್ದ ಗಂಗಲಕ್ಷ್ಮಮ್ಮ ಸೆರಗು ಬಾಯಿಗೊತ್ತಿಕೊಂಡಳು.

“ನಾನೇ ಕಣಮ್ಮ ಬೀಗ ತೆಗೆದಿದ್ದು. ನೀನು ಬೈತೀಯ ಅಂತ ಬಾಯಿ ಮುಚ್ಕೊಂಡಿದ್ದೆ... ಕಾಗದ ಕೊಡೋ ದಿನಾನ ಇದ್ದಕ್ಕಿದ್ದಂಗೆ ಮಂಗಳವಾರ ಸಂಜೆ ಐದಕ್ಕೇ ಅಂತ ಮಾಡ್ಬುಟ್ರಂತೆ. ಆವತ್ತೇ ಕಮಿಟಿ ಕೂರೋದಂತೆ. ಆ ಯಪ್ಪ ನಿಂಗೆ ಹದಿನೇಳು ಸಲ ಫೋನ್ ಮಾಡಿದ್ರಂತೆ. ನೀನು ಸಿಗದೆ ಕೆಂಗೇರಿಯಿಂದ ಓಡಿ ಬಂದ್ರು.”

“ಆಮೇಲೆ?”

“ನಾನು ಬಿಡಲಿಲ್ಲ. ಪೂಜೆಗಿಟ್ಟಿದ್ದು ಮುಟ್ಟಿದ್ರೆ ಕಣ್ಣು ಹೋಗ್ತವೆ ಅಂದೆ. ಹೋದ್ರೆ ನನ್ನವು ಹೋಗಲಿ ಅಂದ್ರು. ನಲ್ಲಿ ಕೆಳಗೆ ಕೂತು ತಲೆಮೇಲೆ ನೀರು ಸುರ್ಕೊಂಡು ಒದ್ದೆ ಬಟ್ಟೇಲೇ ಬಂದ್ರು. ತಾಯಿ ಮುಂದೆ ಜಾಗ ಖಾಲಿ ಬಿಡಬಾರದು ಅಂತ ನಾನಂದೆ. ಸ್ವಲ್ಪ ಹೊತ್ತು ನಿಂತಿದ್ರು ಕಣಮ್ಮ... ಆಮೇಲೆ ಚೀಲದಿಂದ ಇದನ್ನ ತೆಗೆದು ಇಟ್ಟು, ಅಡ್ಡಬಿದ್ದು ಹೋದ್ರು.”

ಜಲಜಾ ಪುಸ್ತಕ ಹಿಡಿದು ಬೆಂಚಿನ ಮೇಲೆ ಕುಳಿತಳು. ಬಡಿದುಕೊಂಡ ಫೋನನ್ನು ಚೀಲದ ತಳಕ್ಕೆ ತುರುಕಿದವಳು ತಾನು. ಕಳ್ಳ ಎಂದವಳೂ ತಾನೇ. ತಾಯಿ ಬಿಟ್ಟುಹೋದ ಒಂದೇ ವಸ್ತುವನ್ನು ತನ್ನ ತರಗತಿಗಾಗಿ ಇಟ್ಟುಹೋದವನಿಗೆ!

ಕಣ್ಣೊರೆಸಿಕೊಳ್ಳುತ್ತ ಪುಟ ತಿರುಗಿಸಿದಳು. ಕೊನೆಯ ಪುಟದಲ್ಲಿ ಒಂದೇ ಸಾಲು. ಅದೂ ಪೂರ್ತಿಯಾಗಿರಲಿಲ್ಲ.

‘ನನ್ನ ಸೊಸೆಯ ಹೆಸರು’

ಅಷ್ಟೇ. ಅದರ ಮುಂದೆ ಖಾಲಿ.

“ಅರುಣ, ಅವರ ಮನೆ ಎಲ್ಲಿ ಗೊತ್ತೇನೋ?”

“ನಮ್ಮ ಏರಿಯಾನೇರಿ ಮೇಡಂ, ಕಾಮಾಕ್ಷಿಪಾಳ್ಯ. ಈಗ ಬಸವಣ್ಣನ ಗುಡಿ ಕಡೆ ಇರ್ತಾರ. ಇವತ್ತು ನಮ್ಮ ಕಡೆಯವ್ರು ಬನ್ನಿ ಕೊಡೋ ದಿನ. ಹತ್ರಿ ಗಾಡಿ, ಊಟದ ಬಿಸಿ ಎಂದೂ ಆರೋಕೆ ಬಿಟ್ಟಿಲ್ಲ ನಾನು!”

ಗುಡಿಯ ಹಿಂದಿನ ಬನ್ನಿ ಮರದ ಕೆಳಗೆ ಜನ ಒಬ್ಬರಿಗೊಬ್ಬರು ಎಲೆ ಕೊಟ್ಟು ಕೈ ಮುಗಿಯುತ್ತಿದ್ದರು. ಫಕೀರೇಶ ಕಟ್ಟೆಯ ಮೇಲೆ ಒಬ್ಬನೇ ಕುಳಿತಿದ್ದ. ಜಲಜಾಳನ್ನು ಕಂಡು ತಟ್ಟನೆ ಎದ್ದು, ಮುಖ ಪಕ್ಕಕ್ಕೆ ತಿರುಗಿಸಿಕೊಂಡ.

“ಯಾಕೆ ಹಾಗೆ ನಿಂತ್ರಿ?”

“ಮುಖ ತೋರಿಸಬ್ಯಾಡ ಅಂದಿದ್ರೆಲ್ರಿ.”

ಜಲಜಾಳಿಗೆ ಅಳು ಉಕ್ಕಿ ಬಂತು. “ಕ್ಷಮಿಸಿ... ಗಂಗಲಕ್ಷ್ಮಮ್ಮ ಎಲ್ಲಾ ಹೇಳಿದ್ರು. ನಾನು ಫೋನ್ ಎತ್ತಿದ್ರೆ ಇದ್ಯಾವುದೂ ಆಗ್ತಿರಲಿಲ್ಲ. ಆ ವರದೀಲಿ ನಿಮ್ಮ ಸಹಿ ನೋಡಿ...”

“ವಿಲೀನ ಅಂತ ಫಾರಮಿನಾಗ ಅಚ್ಚಾಗಿ ಬಂದಿತ್ರಿ. ನಾ ಬರದದ್ದು ಹನ್ನೆರಡು ಅನ್ನೋದಷ್ಟೇ. ಅವರು ಯಾರು, ಯಾಕ ತಡಾ ಆಗಿ ಬರ್ತಾರ ಅಂತ ಬ್ಯಾರೆ ಹಾಳಿ ಲಗತ್ತಿಸಿದ್ದೆ. ನಿಮಗ ಕಳಿಸಿದ ಪ್ರತಿಯೊಳಗ ಅದು ಇರಲಿಲ್ಲ ಕಾಣ್ತದ.” ಆತ ಜೇಬಿನಿಂದ ಮೊಹರು ಬಿದ್ದ ಚೀಟಿ ತೆಗೆದ. “ಐದಕ್ಕ ಹತ್ತು ನಿಮಿಷ ಇತ್ತು. ಕಡತ ಮುಟ್ಟೇತ್ರಿ.”

“ಏನಾಯ್ತು?” ಎಂದಳು ಜಲಜಾ.

“ಅವತ್ತೇ ಕಮಿಟಿ ಕುಂತಿತ್ತು. ಬಾಗಿಲ ಹೊರಗ ನಿಂತಿದ್ದೆ. ಶಿಲ್ಪಾ ಬರದ ಪತ್ರ ಒಬ್ಬರು ಗಟ್ಟಿಯಾಗಿ ಓದಿದ್ರು. ಆಮ್ಯಾಲೆ ಉಳಿದ ಹನ್ನೊಂದೂ ಓದಿಸಿದ್ರು. ಈಗ ಇರೋ ಹನ್ನೆರಡು ಮಂದಿ ಅಲ್ಲೇ, ಸಂಜೀಕೇ, ಓದು ಮುಗಿಸಬೌದು. ನೀವೇ ಕಲಿಸ್ತೀರಿ. ಆದ್ರ ಹೊಸಬರನ್ನ ತಗೊಳ್ಳಂಗಿಲ್ಲ. ಅಷ್ಟೇ ಉಳೀತ್ರಿ, ಪೂರಾ ಉಳಿಸಾಕ ಆಗಲಿಲ್ಲ.”

ಜಲಜಾ ಕಣ್ಣು ಮುಚ್ಚಿದಳು. ಇನ್ನೂ ಒಂದೂವರೆ ವರ್ಷ. ಆಮೇಲೆ ಆ ಕೋಣೆಗೆ ಬೀಗ. ದುಃಖವಾಯಿತು. ಆದರೆ ಶಿಲ್ಪಾ ಕಾಲರ್ ಹೊಲಿದು ಬಂದು ಕೂರಲು ಆ ಬೆಂಚು ಇರುತ್ತದೆ. ದೇವರು ಕೇಳಿದ್ದಷ್ಟನ್ನೂ ಕೊಡಲಿಲ್ಲ, ಬರಿಗೈಯಲ್ಲೂ ಕಳಿಸಲಿಲ್ಲ.

“ಹನ್ನೆರಡು ಜನರ ಓದು ಉಳಿಯಿತು,” ಎಂದಳು. “ಅದು ಸಣ್ಣದಲ್ಲ.”

ಚೀಲದಿಂದ ಕಾಪಿ ಪುಸ್ತಕ ತೆಗೆದು ಎರಡೂ ಕೈಯಿಂದ ಚಾಚಿದಳು. ಫಕೀರೇಶ ಅದನ್ನು ಕಣ್ಣಿಗೊತ್ತಿಕೊಂಡ.

“ಓದಿದ್ರೇನು?”

“ಹೂಂ. ಕೊನೇ ಪುಟಾನೂ.”

ಆತನ ಮುಖ ಕೆಂಪಾಯಿತು. “ಅವ್ವಗ ಅದೊಂದು ಹುಚ್ಚು. ಹೆಸರು ಸಿಕ್ಕ ದಿನ ಬರೀತೀನಿ ಅಂತ ಜಾಗ ಬಿಟ್ಟಿದ್ಲು. ಕಾಯೋದ್ರಾಗ ಹ್ವಾದ್ಲು...”

ಜಲಜಾ ಅವನನ್ನೇ ನೋಡಿದಳು. ಇಷ್ಟು ದಿನ ಎದೆಯೊಳಗೆ ಅಡಗಿಸಿಕೊಂಡದ್ದು ಈಗ ಅಡಗಲಿಲ್ಲ.

“ಪೆನ್ನು ಇದೆಯಾ?”

“ಯಾಕ್ರಿ?”

“ಇವತ್ತು ವಿಜಯದಶಮಿ. ಪುಸ್ತಕ ತೆಗೆದ ಮೇಲೆ ಒಂದಕ್ಷರವಾದ್ರೂ ಬರೀಬೇಕು.”

ಆತ ಅಂಗಿಯ ಜೇಬಿನಿಂದ ಪೆನ್ನು ಕೊಟ್ಟ. ಅಂದು ಅರ್ಧ ಗಂಟೆ ಬೆಳಕು ಹಿಡಿದಿದ್ದ ಅದೇ ಕೈ! ಜಲಜಾ ಕಟ್ಟೆಯ ಮೇಲೆ ಕುಳಿತು, ಕೊನೆಯ ಪುಟ ತೆರೆದು, ಅಕ್ಕವ್ವನ ದಪ್ಪ ಅಕ್ಷರಗಳ ಪಕ್ಕದಲ್ಲಿ ತನ್ನ ಹೆಸರು ಬರೆದಳು.

ಫಕೀರೇಶ ಆ ಸಾಲನ್ನು ಎರಡು ಸಲ ಓದಿಕೊಂಡ.

“ಮೇಡಂ... ಏನು ಬರದೀರಿ ಅಂತ ಗೊತ್ತೈತೇನ್ರಿ?”

“ತಾಯಿ ಮುಂದೆ ಜಾಗ ಖಾಲಿ ಬಿಡಬಾರದಂತೆ,” ಎಂದಳು ಜಲಜಾ, ತಲೆ ಎತ್ತದೆ. “ಇನ್ನು ಮೇಡಂ ಅನ್ನಬೇಡಿ.”

ಆತ ಬಗ್ಗಿ ಬನ್ನಿಯ ಒಂದು ಎಲೆ ಆರಿಸಿ ಅವಳ ಅಂಗೈಯಲ್ಲಿಟ್ಟ.

“ಬನ್ನಿ ತಗೊಂಡು ಬಂಗಾರದಂಗ ಇರೋಣ... ಜಲಜಾ.”

“ಇರೋಣ,” ಎಂದಳು ಅವಳು, ಎಲೆಯ ಮೇಲೆ ಬೆರಳು ಮಡಚುತ್ತ. “ಮೊದಲು ನನ್ನ ಫೋನು ತಗೊಳ್ಳಿ. ನಿಮ್ಮ ನಂಬರಿನ ಬ್ಲಾಕ್ ತೆಗೆಯೋದು ಹೇಗೆ ಅಂತ ನನಗೆ ಗೊತ್ತಾಗ್ತಾ ಇಲ್ಲ.”