ಬುಗ್ಗೆಯ ಒಡೆಯನ ಪಾಲು

ರೈಫಲ್ಲಿನ ತುದಿ ನನ್ನ ಎದೆಗೆ ತಾಗಿತ್ತು. ಹಿಡಿದವನ ಕೈ ನಡುಗುತ್ತಿತ್ತು.

ನಡುಗುವ ಕೈ ನನಗೆ ಇಷ್ಟವಿಲ್ಲ. ಗಟ್ಟಿ ಕೈಯವನು ಯೋಚಿಸಿ ಗುಂಡು ಹಾರಿಸುತ್ತಾನೆ. ನಡುಗುವವನು ಸುಮ್ಮನೆ ಹಾರಿಸಿಬಿಡುತ್ತಾನೆ.

"ಕೈಲಿರೋದನ್ನ ಕೆಳಗಿಡು."

ನನ್ನ ಕೈಲಿದ್ದದ್ದು ರಿಸೀವರ್. ಕರಡಿಯ ಕೊರಳಿಗೆ ನಾವು ಕಟ್ಟಿದ ಕಾಲರ್ ಕಳಿಸುವ ಸಿಗ್ನಲ್ ಹಿಡಿಯುವ ಯಂತ್ರ. ಕರಡಿ ಓಡಾಡುತ್ತಿದ್ದರೆ ಅದು ನಿಧಾನವಾಗಿ ಟಿಕ್... ಟಿಕ್... ಅನ್ನುತ್ತದೆ. ಬಹಳ ಹೊತ್ತು ಅಲುಗಾಡದೇ ಬಿದ್ದಿದ್ದರೆ ಅವಸರವಾಗಿ ಬಡಿದುಕೊಳ್ಳುತ್ತದೆ. ಅವತ್ತು ಬೆಳಗಿನಿಂದ ಬಡಿದುಕೊಳ್ಳುತ್ತಲೇ ಇತ್ತು. ಹುಡುಕಿಕೊಂಡು ಬಂದರೆ ಸಿಗ್ನಲ್ ಬರುತ್ತಿದ್ದದ್ದು ಈ ಮನುಷ್ಯನ ಲಾರಿಯಿಂದ.

"ಕರಡಿ ಎಲ್ಲಿ?" ಅಂದೆ.

"ಯಾವ ಕರಡಿ?"

"ನಿನ್ನ ಲಾರೀಲಿ ಅದರ ಕಾಲರ್ ಇದೆ. ನೀನು ಹಾಕ್ಕೊಳ್ಳೋಕೆ ಅಂತೂ ತಂದಿರಲ್ಲ."

ರೈಫಲ್ಲಿನ ಹಿಡಿ ನನ್ನ ದವಡೆಗೆ ಬಡಿಯಿತು. ಬಾಯಲ್ಲಿ ರಕ್ತ, ಕಣ್ಣಲ್ಲಿ ಗೋಬಿ ಮರಳುಗಾಡಿನ ಧೂಳು. ತಲೆ ಎತ್ತುವಷ್ಟರಲ್ಲಿ ಲಾರಿ ಹೊರಟಿತ್ತು.

ಅವನ ಹೆಸರು ಝಂಡ್ರಾ. ಕದ್ದು ಚಿನ್ನ ಅಗೆಯುವವನು. ನಮ್ಮ ವನ್ಯಜೀವಿ ಪಾರ್ಕಿನೊಳಗೆ ಅಗೆಯುವಂತಿಲ್ಲ, ಆದರೂ ಬೇಸಿಗೆ ಬಂತೆಂದರೆ ಗುದ್ದಲಿ ಹಿಡಿದು ನುಗ್ಗುತ್ತಾರೆ. ಅವರನ್ನು ಅಟ್ಟುವುದು ನನ್ನ ಕೆಲಸ. ಇನ್ನೊಂದು ಕೆಲಸ ಕರಡಿಗಳನ್ನು ಕಾಯುವುದು. ಮರಳುಗಾಡಿನ ಈ ಕರಡಿ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ನಮ್ಮಲ್ಲೂ ಉಳಿದಿರುವುದು ಒಂದು ಮದುವೆಯ ಊಟಕ್ಕೆ ಸಾಲದಷ್ಟು. ಆ ವರ್ಷ ಮರಿ ಜೊತೆಗಿದ್ದ ತಾಯಿ ಒಬ್ಬಳೇ. ಎಡಗಿವಿ ಅರ್ಧ ಹೋಗಿದ್ದರಿಂದ ಅವಳನ್ನು ಮೊಂಡುಗಿವಿ ಅನ್ನುತ್ತಿದ್ದೆವು.

ನಾನು ಬೈಕ್ ಹತ್ತಿದೆ.

ಲಾರಿ ಓಡಿದ್ದೇ ರಿಸೀವರಿನ ಸದ್ದು ಬದಲಾಯಿತು. ಟಿಕ್... ಟಿಕ್... ಟಿಕ್... ನಿಧಾನ, ನೆಮ್ಮದಿಯ ಸದ್ದು. ಮೊಂಡುಗಿವಿ ಎದ್ದಳು, ಓಡಾಡುತ್ತಿದ್ದಾಳೆ ಎಂದು ಹೇಳುತ್ತಿತ್ತು ಆ ಸುಳ್ಳುಬುರುಕ ಯಂತ್ರ. ಸುಳ್ಳೆಂದು ಗೊತ್ತಿದ್ದೂ ನಾನು ಅದನ್ನು ಆರಿಸಲಿಲ್ಲ. ಆರಿಸುವುದಕ್ಕೆ ಮನಸ್ಸು ಬರಲಿಲ್ಲ.

ಜಲ್ಲಿಯ ಬಯಲು ಮುಗಿದು ಉಪ್ಪುನೆಲ ಶುರುವಾಯಿತು. ಮೇಲೆ ಬಿಳಿ ಪೊರೆ, ಒಳಗೆ ಕೆಸರು. ಈ ಕಡೆಯವರು ಸುತ್ತಿ ಹೋಗುತ್ತಾರೆ. ಝಂಡ್ರಾ ನೇರ ನುಗ್ಗಿದ. ಲಾರಿ ಅಚ್ಚಿನವರೆಗೆ ಕೂತುಬಿಟ್ಟಿತು.

ಇಳಿದವನೇ ಗುಂಡು ಹಾರಿಸಿದ. ಬೈಕಿನ ಕನ್ನಡಿ ಪುಡಿಯಾಯಿತು. ನೆಲಕ್ಕೆ ಬಿದ್ದೆ. ಎರಡನೇ ಗುಂಡು ನನ್ನ ಟೋಪಿಯ ಪಕ್ಕದಲ್ಲೇ ಹೋಯಿತು. ಮೂರನೆಯದಕ್ಕೆ ಬರೀ ಕ್ಲಿಕ್ ಅಂತ ಸದ್ದು ಬಂತು.

ಎದ್ದು ಹೋಗಿ ಅವನ ನಿಲುವಂಗಿಯ ಕತ್ತುಪಟ್ಟಿ ಹಿಡಿದೆ. ಒಂದು ಬಿಟ್ಟೆ. ಇನ್ನೊಂದು ಬಿಡಲು ಕೈ ಎತ್ತಿದ್ದೆ.

"ಬೇಡಣ್ಣಾ!"

ಲಾರಿಯಿಂದ ಹೆಂಗಸೊಬ್ಬಳು ಇಳಿದಳು. ಅವನ ಹೆಂಡತಿ ಸೆವ್ಜಿದ್. ಮೊಣಕೈಯಿಂದ ಮಣಿಕಟ್ಟಿನವರೆಗೆ ಬಟ್ಟೆ ಸುತ್ತಿತ್ತು, ಬಟ್ಟೆಯೆಲ್ಲ ರಕ್ತ.

"ಹೊಡೀಬೇಡಿ. ಅದೇ ನಮ್ಮ ಟೆಂಟಿಗೆ ಬಂತು."

"ಸುಳ್ಳು. ಈ ಕರಡಿ ಮನುಷ್ಯರ ಹತ್ತಿರ ಬರಲ್ಲ. ನಿಮ್ಮ ವಾಸನೆ ಸಿಕ್ಕಿದ್ರೆ ಆಚೆ ಬೆಟ್ಟಕ್ಕೆ ಓಡತ್ತೆ."

"ನಾನೂ ಹಾಗೇ ಅಂದ್ಕೊಂಡಿದ್ದೆ," ಅಂದಳು. "ಒಲೆ ಮುಂದೆ ಕೂತಿದ್ದೆ. ಟೆಂಟಿನ ಬಟ್ಟೆ ಸರಿಸಿ ತಲೆ ಹಾಕ್ತು. ನೆಂಟರು ಬಂದ ಹಾಗೆ. ನನ್ನ ಕಡೆ ನೋಡ್ಲೂ ಇಲ್ಲ. ಒಣಗಿಸಿಟ್ಟ ಮೊಸರುಬಿಲ್ಲೆ ಚೀಲಕ್ಕೆ ಮೂತಿ ಇಟ್ತು. ನಾನು ಬುದ್ಧಿಯಿಲ್ಲದೆ ಚೀಲ ಎಳೆದೆ... ಆಗ ಕೈಗೆ ಉಗುರು ತಾಗ್ತು. ಇವರು ಹೊಡೆದ್ರು."

"ಅವಳು ಕಿರುಚಿದ್ಲು," ಅಂದ ಝಂಡ್ರಾ. ತುಟಿಯಿಂದ ರಕ್ತ ಸುರಿಯುತ್ತಿತ್ತು. "ನೀನಾಗಿದ್ರೆ ಏನು ಮಾಡ್ತಿದ್ದೆ?"

ಎತ್ತಿದ ಕೈ ಇಳಿಸಿದೆ.

"ಕಾಲರ್ ಯಾಕೆ ಬಿಚ್ಚಿದೆ?"

"ದೂರ ಎಲ್ಲಾದ್ರೂ ಎಸೆದ್ರೆ ನೀವು ಅಲ್ಲಿ ಹುಡುಕ್ತೀರ ಅಂತ."

ಇಬ್ಬರನ್ನೂ ಹಿಂದಿನಿಂದ ಬಂದ ನಮ್ಮ ಪಾರ್ಕಿನ ಜೀಪಿನವರಿಗೆ ಒಪ್ಪಿಸಿ, ಅವರು ಹೇಳಿದ ಗುರುತು ಹಿಡಿದು ಟೆಂಟಿನ ಜಾಗಕ್ಕೆ ಹೋದೆ. ಮೊಂಡುಗಿವಿ ಒಣಗಿದ ಹಳ್ಳದಲ್ಲಿ ಮಗ್ಗುಲಾಗಿ ಬಿದ್ದಿದ್ದಳು. ಕಾಲರ್ ಇದ್ದ ಜಾಗದಲ್ಲಿ ಕೂದಲು ಸವೆದು ಚರ್ಮ ಕಾಣುತ್ತಿತ್ತು. ಆ ಸವೆತ ಮಾತ್ರ ನಮ್ಮ ಕೆಲಸ. ಸುತ್ತ ಚಿಕ್ಕ ಹೆಜ್ಜೆಗಳು. ಮರಿ ಬಂದು, ಸುತ್ತಿ, ಪಕ್ಕದಲ್ಲೇ ಮಲಗಿ, ಎದ್ದು ಹೋಗಿತ್ತು. ಮಲಗಿದ ಕಡೆ ಮರಳು ತಗ್ಗಾಗಿತ್ತು.

ನಾನು ಅತ್ತೆ. ಯಾರೂ ಇರಲಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಆಮೇಲೆ ಮರಿಯ ಹೆಜ್ಜೆ ಹಿಡಿದು ಹೊರಟೆ. ಅದು ಉಳಿದರೆ ಮೊಂಡುಗಿವಿಯ ವಂಶ ಉಳಿದಂತೆ. ಎರಡನೇ ಬೇಸಿಗೆ ಕಂಡ ಮರಿ, ಬುಗ್ಗೆಯ ಬಳಿ ನಾವು ಕೈವಾಸನೆ ತಾಗದಂತೆ ಡಬ್ಬದಲ್ಲಿಡುವ ಕಾಳು ತಿಂದುಕೊಂಡು ಒಂಟಿಯಾಗಿ ಬದುಕಬಲ್ಲದು. ಆದರೆ ತಾಯಿಯಂತೆ ಟೆಂಟುಗಳಿಗೆ ತಲೆ ಹಾಕುವುದನ್ನು ಕಲಿತಿದ್ದರೆ ಮುಂದಿನ ಗುಂಡು ಅದಕ್ಕೆ.

ಹೆಜ್ಜೆ ಜಂಬುಹುಲ್ಲಿನ ಬುಗ್ಗೆಗೆ ಬಂದು ಸೇರಿತು. ಕಾಳಿನ ಡಬ್ಬದ ಹತ್ತಿರ ಹೋಗಿರಲಿಲ್ಲ. ಬುಗ್ಗೆಯ ತಲೆಯಲ್ಲಿ ಪೂಜೆಯ ಕಲ್ಲುಗುಪ್ಪೆ ಇದೆ, ನೀಲಿ ಬಟ್ಟೆ ಕಟ್ಟಿದ್ದು. ನೇರ ಅಲ್ಲಿಗೆ ಹೋಗಿತ್ತು. ಅಲ್ಲಿ ಚಪ್ಪಟೆ ಕಲ್ಲೊಂದಿತ್ತು. ನೆಕ್ಕಿ ನೆಕ್ಕಿ ನುಣುಪಾಗಿತ್ತು.

ಕಲ್ಲಿನ ಸಂದಿಯಲ್ಲಿ ಅರ್ಧ ಕಚ್ಚಿದ ಮೊಸರುಬಿಲ್ಲೆ ಸಿಕ್ಕಿತು. ಮೇಲೆ ಅಚ್ಚಿನ ಗುರುತು, ಹೆಣೆದ ಗಂಟಿನ ಚಿತ್ರ. ಗಂಟಿನ ಒಂದು ಮೂಲೆ ಮುರಿದಿತ್ತು.

ಆ ಮರದ ಅಚ್ಚು ನನಗೆ ಗೊತ್ತು. ಆ ಬಿಲ್ಲೆಯನ್ನು ದಿನಾ ಚಹಾದಲ್ಲಿ ಅದ್ದಿ ತಿನ್ನುತ್ತೇನೆ.

ಗೊಂಚಿಗಣ್ಣ ನಮ್ಮ ಕಾವಲು ಗುಡಿಸಲ ಮುಂದೆ, ಬುಗ್ಗೆಗೆ ಬರುವ ಕರಡಿಗಳ ಫೋಟೋ ತಾನಾಗಿ ತೆಗೆಯುವ ಕ್ಯಾಮೆರಾದ ಬ್ಯಾಟರಿ ಒರೆಸುತ್ತಾ ಕೂತಿದ್ದ. ನನ್ನ ಜೊತೆಗಾರ, ನನಗಿಂತ ಹಿರಿಯ. ಬಿಲ್ಲೆಯನ್ನು ಅವನ ಮುಂದಿಟ್ಟೆ.

"ಅತ್ತಿಗೆ ಮಾಡಿದ್ದು," ಅಂದೆ.

"ಹೌದು. ಎಲ್ಲಿ ಸಿಕ್ತು?"

"ನೀನಿಟ್ಟ ಕಡೆ."

ಅವನು ಬಚ್ಚಿಡಲಿಲ್ಲ. ಬಚ್ಚಿಡುವಂಥದ್ದು ಮಾಡಿದ್ದೇನೆಂದು ಅವನಿಗೆ ಅನಿಸಿರಲೇ ಇಲ್ಲ.

"ಹೋದ ವರ್ಷ ಬುಗ್ಗೆ ಬತ್ತಿತ್ತಲ್ಲ ತಮ್ಮಾ. ನೀರು ಕಾಯೋ ದೈವ, ಬುಗ್ಗೆಯ ಒಡೆಯನಿಗೆ ಪಾಲು ಕೊಡೋದು ಬಿಟ್ಟಿದ್ವಿ. ಕರಡಿ ಬಂದು ಒಣ ಮಣ್ಣು ಕೆರೆಯೋದನ್ನ ನೋಡಕ್ಕಾಗ್ಲಿಲ್ಲ. ಹಾಲಿನದ್ದು ಏನಾದ್ರೂ ಇಡೋಣ ಅಂತ ಇಟ್ಟೆ. ಮಾರನೇ ದಿನ ಕಲ್ಲು ಖಾಲಿ. ಆಮೇಲೆ ನೀರೂ ಬಂತು. ಒಡೆಯ ಒಪ್ಕೊಂಡ ಅಂದ್ಕೊಂಡೆ."

"ಕ್ಯಾಮೆರಾ ಇತ್ತಲ್ಲ. ಯಾರು ತಿಂದ್ರು ಅಂತ ನೋಡಬಾರದಾಗಿತ್ತಾ?"

"ಒಡೆಯ ಊಟ ಮಾಡೋದನ್ನ ಫೋಟೋ ತೆಗೆಯೋದುಂಟೇನೋ? ಮರ್ಯಾದೆ ಬೇಡವಾ? ಅದರ ಮುಖ ಆಚೆ ತಿರುಗಿಸಿಟ್ಟಿದ್ದೆ."

ನನಗೆ ಬೈಯಲು ಬಾಯಿ ಬರಲಿಲ್ಲ. ನನ್ನ ತಾಯಿ ಇದ್ದಿದ್ದರೆ ಅವಳೂ ಹಾಗೇ ತಿರುಗಿಸುತ್ತಿದ್ದಳು. ಮೊಂಡುಗಿವಿ ಸತ್ತದ್ದನ್ನು, ಹೇಗೆ ಸತ್ತಳು ಎನ್ನುವುದನ್ನು ಹೇಳಿದೆ. ಅವನು ಬ್ಯಾಟರಿ ಒರೆಸುತ್ತಲೇ ಇದ್ದ. ಒರೆಸುವುದಕ್ಕೆ ಏನೂ ಉಳಿದಿರಲಿಲ್ಲ.

"ನನ್ನ ಕೈ ವಾಸನೆ ಇತ್ತು ಅದರಲ್ಲಿ," ಅಂದ ಕೊನೆಗೆ. "ಮನುಷ್ಯ ಅಂದ್ರೆ ಊಟ ಅಂದ್ಕೊಂಡ್ಳು."

"ಮರಿಯೂ ಹಾಗೇ ಅಂದ್ಕೊಂಡಿದೆ."

"ಏನು ಮಾಡೋದು?"

"ಹೆದರಿಸಬೇಕು. ನೀನೇ ಹೆದರಿಸಬೇಕು. ನನ್ನ ಕೈ ಅದಕ್ಕೆ ಗೊತ್ತಿಲ್ಲ."

ಬೆಳಿಗ್ಗೆ ಮರಿ ಬಂತು. ಜಂಬುಹುಲ್ಲು ಸರಿಸಿಕೊಂಡು, ನಮ್ಮಿಬ್ಬರನ್ನೂ ನೋಡಿಕೊಂಡೇ ಬಂತು. ಗೊಂಚಿಗಣ್ಣ ಕಲ್ಲುಗುಪ್ಪೆಯ ಪಕ್ಕ ನಿಂತಿದ್ದ. ಅಂಗಿಯ ಮಡಿಲಲ್ಲಿ ಉರುಟು ಕಲ್ಲುಗಳು.

"ಎಸಿ," ಅಂದೆ.

ಎಸೆದ. ಬೇಕಂತಲೇ ಹತ್ತಿರ ಬೀಳಿಸಿದ. ಮರಿ ಕಲ್ಲಿನ ಬಳಿ ಬಂದು ಮೂಸಿತು. ನೆಕ್ಕಿತು. ಬಾಯಲ್ಲಿಟ್ಟುಕೊಂಡು ಕಡಿಯಲು ನೋಡಿತು.

ಗೊಂಚಿಗಣ್ಣನ ಬಾಯಿಂದ ಬಂದ ಸದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

"ನನ್ನ ಕೈಲಾಗಲ್ಲ ಕಣೋ."

"ಇವತ್ತು ನೀನು ಎಸೀದಿದ್ರೆ ನಾಳೆ ಇನ್ನೊಬ್ಬ ಝಂಡ್ರಾ ಗುಂಡು ಹೊಡೀತಾನೆ."

ಎರಡನೇ ಕಲ್ಲು ಭುಜಕ್ಕೆ ಬಿತ್ತು. ಮರಿ ಕುಯ್ ಎಂದು ಹಿಂದಕ್ಕೆ ಹಾರಿತು. ಓಡಲಿಲ್ಲ. ಏನೋ ತಪ್ಪಾಗಿದೆ, ಈಗ ಸರಿಹೋಗುತ್ತದೆ ಎಂಬಂತೆ ನಿಂತು ಅವನ ಮುಖವನ್ನೇ ನೋಡಿತು. ಅವನು ಬೈಯುತ್ತಾ ಎಸೆದ, ಅಳುತ್ತಾ ಎಸೆದ, ಮಡಿಲು ಖಾಲಿಯಾಗುವವರೆಗೆ ಎಸೆದ. ನಾನು ಗುಡಿಸಲಿನಿಂದ ತಂದಿದ್ದ ಬಂದೂಕಿನಿಂದ ಗಾಳಿಯಲ್ಲಿ ಗುಂಡು ಹಾರಿಸಿದೆ. ಮರಿ ದಿಬ್ಬ ಹತ್ತಿ, ಆಚೆ ಇಳಿದು, ಕಾಣೆಯಾಯಿತು.

ಝಂಡ್ರಾ ಜೈಲಿಗೆ ಹೋದ. ಗೊಂಚಿಗಣ್ಣ ಕೆಲಸ ಬಿಟ್ಟು ಒಂಟೆ ಮೇಯಿಸಲು ಹೋದ. ಅವನ ಮನೆಯಲ್ಲಿ ಈಗ ಮೊಸರುಬಿಲ್ಲೆ ಮಾಡುವುದಿಲ್ಲ.

ಮರಿ ಬದುಕಿದೆ. ಮೊನ್ನೆಯೂ ಕ್ಯಾಮೆರಾದಲ್ಲಿ ಸಿಕ್ಕಿತು, ದಷ್ಟಪುಷ್ಟವಾಗಿದೆ. ಅದೇ ಫೋಟೋದ ಅಂಚಿನಲ್ಲಿ ನನ್ನ ಬೈಕು ದೂರದಲ್ಲಿ ಚುಕ್ಕೆಯಷ್ಟು ಕಾಣುತ್ತದೆ. ಮರಿ ಜೀವ ಕೈಲಿ ಹಿಡಿದು ಓಡುತ್ತಿದೆ. ಮೇಲಧಿಕಾರಿಗಳು ಫೋಟೋ ನೋಡಿ ಖುಷಿಪಟ್ಟರು. ಇದನ್ನು ಸಾಧಿಸಲು ಯಾವ ತರಬೇತಿ ಪಡೆದಿರಿ ಎಂದು ಕೇಳಿದರು.

ನಮ್ಮನ್ನು ಕಂಡರೆ ಓಡಿಹೋಗುವ ಹಾಗೆ ಮಾಡುವುದಕ್ಕೆ ಮನುಷ್ಯರಿಗೆ ತರಬೇತಿ ಬೇಕಾಗುವುದಿಲ್ಲ ಸ್ವಾಮಿ.