ಕೆಂಚ ಕಚ್ಚುವುದಿಲ್ಲ

“ಕಚ್ತಾನೆ,” ಎಂದಳು ಅವಳು.

ಅವಳು ಹಾಗೆನ್ನುವ ಹೊತ್ತಿಗೆ ಕೆಂಚ, ನಾಯಿ ನೋಡಲು ಬಂದವನ ಬೂಟಿನ ಮೇಲೆ ಗದ್ದವಿಟ್ಟು, ಜಗತ್ತಿನಲ್ಲಿ ಇನ್ನೇನೂ ಬೇಡ ಎನ್ನುವಂತೆ ಕಣ್ಣು ಮುಚ್ಚಿದ್ದ. ಬಂದವನು ಬೂಟು ನೋಡಿದ, ನಾಯಿಯನ್ನು ನೋಡಿದ, ಆಮೇಲೆ ಅವಳನ್ನು ನೋಡಿದ.

“ಇವನಾ?”

“ಹೂಂ, ಇವನೇ. ನೋಡೋಕೆ ಪಾಪ ಅನ್ನಿಸ್ತಾನೆ. ಯಾವಾಗ ಏನು ಮಾಡ್ತಾನೋ ಹೇಳೋಕಾಗಲ್ಲ.”

“ಈಗೇನು ಮಾಡ್ತಿದಾನೆ?”

“ಈಗ… ಹೊಂಚು ಹಾಕ್ತಿದಾನೆ.”

ಅವನು ನಕ್ಕ. ತುಟಿಗಿಂತ ಮೊದಲು ಹುಬ್ಬಿನಲ್ಲಿ ಶುರುವಾಗುವ ನಗು. ಅದನ್ನು ಗಮನಿಸಿದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ದಿಕ್ಕಿಲ್ಲದ ನಾಯಿಗಳ ಆ ಶೆಲ್ಟರಿನಲ್ಲಿ, ಬಂದವರಿಗೆ ನಾಯಿಗಳನ್ನು ತೋರಿಸಿ, ಯಾರ ಮನೆಗೆ ಯಾವುದು ಹೊಂದುತ್ತದೆಂದು ಹೇಳುವುದು ಅವಳ ಕೆಲಸ. ಆ ಕೆಲಸದಲ್ಲಿ ಅವಳದು ಎತ್ತಿದ ಕೈ. ಕೆಂಚನ ವಿಷಯ ಬಂದಾಗ ಮಾತ್ರ ಅವಳ ನಾಲಗೆ ಅಡ್ಡದಾರಿ ಹಿಡಿಯುತ್ತಿತ್ತು. ಮಕ್ಕಳೊಂದಿಗೆ ಬಂದವರಿಗೆ, ಕಚ್ಚುತ್ತಾನೆ. ವಯಸ್ಸಾದ ದಂಪತಿಗೆ, ರಾತ್ರಿಯೆಲ್ಲ ಬೊಗಳುತ್ತಾನೆ. ಹೊಸದಾಗಿ ಮದುವೆಯಾದವರಿಗೆ, ಸೋಫಾ ಉಳಿಸುವುದಿಲ್ಲ.

ಕಾರಣ ಇಷ್ಟೇ. ಅವಳಿದ್ದದ್ದು ಅಕ್ಕನ ಮನೆಯಲ್ಲಿ. ಭಾವನಿಗೆ ನಾಯಿಯ ಒಂದು ಕೂದಲು ತಾಗಿದರೂ ಸಾಕು, ಮನೆ ಅದುರುವಂತೆ ಸೀನುತ್ತಿದ್ದರು. “ನೀನು ಬೇಕು ಕಣೇ, ನಿನ್ನ ಬಟ್ಟೆ ಬೇಡ,” ಎಂದು ಅಕ್ಕ ಅವಳ ಸ್ವೆಟರನ್ನು ಬಾಗಿಲಾಚೆಯೇ ಬಿಚ್ಚಿಸುತ್ತಿದ್ದಳು. ಕೆಂಚನನ್ನು ಮನೆಗೆ ಒಯ್ಯುವಂತಿಲ್ಲ. ಆದರೆ ಮಧ್ಯಾಹ್ನ ಅವಳು ಊಟದ ಡಬ್ಬಿ ತೆರೆದರೆ ಅವನು ಬಂದು ತೊಡೆಗೆ ಮೈಯಾನಿಸಿ ಕೂರುತ್ತಿದ್ದ, ತುತ್ತಿನ ಆಸೆಗಲ್ಲ, ಸುಮ್ಮನೆ. ಆ ಭಾರ ಇನ್ನೊಬ್ಬರ ತೊಡೆಗೆ ಹೋಗುವುದನ್ನು ಅವಳಿಗೆ ನೆನೆಯಲೂ ಆಗುತ್ತಿರಲಿಲ್ಲ.

ಬಂದವನು ಡಯಾಲಿಸಿಸ್ ವಾರ್ಡಿನ ನರ್ಸ್. ರೋಗಿಗಳೆಲ್ಲ ಅವನನ್ನು ‘ಬ್ರದರ್’ ಎನ್ನುತ್ತಾರಂತೆ. ಶೆಲ್ಟರಿನ ಮ್ಯಾಡಮ್ ಕೂಡ ಅವನು ಬಂದ ಐದೇ ನಿಮಿಷಕ್ಕೆ ಹಾಗೆ ಕರೆಯತೊಡಗಿದರು. ಅವಳೊಬ್ಬಳು ಮಾತ್ರ ಏನೇ ಆದರೂ ಆ ಪದ ಬಾಯಿಗೆ ಬಾರದಂತೆ ನೋಡಿಕೊಂಡಳು.

“ನಮ್ಮಲ್ಲಿ ರೋಗಿಗಳು ಗಂಟೆಗಟ್ಟಲೆ ಕೂರಬೇಕು,” ಎಂದ ಅವನು. “ಒಂದು ಕೈಗೆ ಸೂಜಿ, ಅದನ್ನ ಅಲ್ಲಾಡಿಸೋ ಹಾಗಿಲ್ಲ. ಇನ್ನೊಂದು ಕೈ ಖಾಲಿ ಬಿದ್ದಿರುತ್ತೆ. ಆ ಖಾಲಿ ಕೈಗೊಂದು ನಾಯಿ ಬೇಕು. ಮನೇಲಿ ನನ್ನ ಜೊತೆ ಇರುತ್ತೆ, ಡ್ಯೂಟಿಗೂ ನನ್ನ ಜೊತೆ ಬರುತ್ತೆ. ನಮ್ಮ ಡಾಕ್ಟರ್ ಹೂಂ ಅಂದಿದಾರೆ.”

ಅದು ಕೆಂಚನಿಗೆ ಅಳತೆ ಕೊಟ್ಟು ಹೊಲಿಸಿದಂಥ ಕೆಲಸ. ಅವಳಿಗೆ ಆ ಕ್ಷಣವೇ ಗೊತ್ತಾಯಿತು. ಗೊತ್ತಾಗಿದ್ದರಿಂದಲೇ ಬೇಗ ಬೇಗ ನಡೆದು ಹತ್ತಿಯ ಗೂಡಿನ ಮುಂದೆ ನಿಂತಳು.

ಹತ್ತಿ ಪುಟ್ಟ ಬಿಳಿ ಹೆಣ್ಣುನಾಯಿ. ಮೂಲೆಯಲ್ಲಿ ಮುದುಡಿ ಕೂತಿತ್ತು.

“ಇವಳು ಸಾಧು. ಸದ್ದೇ ಇಲ್ಲ.”

ಸಾಧುವಾಗಿ ಸುಮ್ಮನಿರುವುದಕ್ಕೂ ಹೆದರಿ ಸುಮ್ಮನಿರುವುದಕ್ಕೂ ಇರುವ ವ್ಯತ್ಯಾಸವನ್ನು ಆ ಶೆಲ್ಟರಿನಲ್ಲಿ ಅವಳಷ್ಟು ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ.

ಅವನು ನಂಬಿದ. ಹತ್ತಿಯನ್ನು ಎದೆಗವಚಿಕೊಂಡು ಹೋದ.

ಮುಂದಿನ ವಾರ ಬಂದ. “ಹತ್ತಿ ಊಟ ಮಾಡ್ತಿಲ್ಲ ರೀ. ಏನು ಮಾಡ್ಲಿ?” ಅದರ ಮುಂದಿನ ವಾರ, “ಊಟ ಮಾಡ್ತಾಳೆ, ಆದ್ರೆ ಮಂಚದ ಕೆಳಗೇ ಮಾಡ್ತಾಳೆ.” ಪ್ರತಿ ಸಲವೂ ಅವಳದು ಒಂದೇ ಮಾತು: “ಸರಿಹೋಗ್ತಾಳೆ, ಇನ್ನೊಂದ್ವಾರ ನೋಡಿ.” ಪ್ರತಿ ಸಲವೂ ಅವನು ಗೇಟಿನವರೆಗೆ ಹೋಗಿ, ಏನೋ ಮರೆತವನಂತೆ ತಿರುಗಿ ನೋಡುತ್ತಿದ್ದ. ಅವಳು ಏನೂ ನೋಡದವಳಂತೆ ಹಗ್ಗ ಸುತ್ತುತ್ತಿದ್ದಳು. ಎಷ್ಟು ಸುತ್ತಿದರೂ ಆ ಹಗ್ಗ ಮುಗಿಯುತ್ತಿರಲಿಲ್ಲ.

“ಆ ಹಗ್ಗ ಎಷ್ಟುದ್ದ ಇದೆ?” ಎಂದು ಒಮ್ಮೆ ಕೇಳಿಯೂ ಬಿಟ್ಟ.

“ಕೆಲಸ ಇಲ್ದೋರು ಗೇಟಲ್ಲಿ ನಿಂತಿರೋಷ್ಟು ಹೊತ್ತು.”

ಇಷ್ಟರಲ್ಲಿ ಒಂದು ಎಡವಟ್ಟಾಗಿತ್ತು. ಕಚ್ಚುವ ಮಾತು ಮ್ಯಾಡಮ್ ಕಿವಿಗೂ ಬಿದ್ದು, ಅವರು ಕೆಂಚನ ಗೂಡಿಗೆ ಕೆಂಪು ಪಟ್ಟಿ ಕಟ್ಟಿಸಿದ್ದರು. ಕೆಂಪು ಪಟ್ಟಿ ಎಂದರೆ ಕೈ ಹಾಕಬೇಡಿ. ಕೆಂಚ ಎಂದಿನಂತೆ ಕಂಬಿಗೆ ಮೈಯೊತ್ತಿ ನಿಲ್ಲುತ್ತಿದ್ದ. ಬಂದವರು ಪಟ್ಟಿ ನೋಡಿ ಕೈ ಹಿಂದೆ ತೆಗೆದುಕೊಳ್ಳುತ್ತಿದ್ದರು. ಅವನು ಆ ಕಂಬಿ ಬಿಟ್ಟು ಇನ್ನೊಂದು ಕಂಬಿಗೆ ಮೈಯೊತ್ತುತ್ತಿದ್ದ, ತಪ್ಪು ಜಾಗದಲ್ಲಿ ನಿಂತಿದ್ದೆನೇನೋ ಎಂಬಂತೆ.

ನರ್ಸ್ ಮಾತ್ರ ಆ ಗೂಡಿನ ಮುಂದೆ ಎರಡೂ ಕೈಗಳನ್ನು ಜೇಬಿಗೆ ಹಾಕಿಕೊಂಡು ನಿಂತು, “ಏನಪ್ಪಾ ಕಚ್ಚಪ್ಪ, ಆರಾಮಾ?” ಎಂದು ವಿಚಾರಿಸಿಕೊಂಡೇ ಹೋಗುತ್ತಿದ್ದ. ಜೇಬಿನಲ್ಲಿದ್ದ ಆ ಕೈಗಳು ಕಂಡಾಗ ಅವಳು ಬೇರೆತ್ತ ತಿರುಗುತ್ತಿದ್ದಳು. ಅವಳ ಮಾತನ್ನು ಅಷ್ಟೊಂದು ನಂಬಿದ್ದ ಅವನು.

ಒಂದು ಬೆಳಗ್ಗೆ ಹತ್ತಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದ. ನಗುವಿರಲಿಲ್ಲ, ಹುಬ್ಬಿನಲ್ಲೂ ಇರಲಿಲ್ಲ.

“ನಿನ್ನೆ ಮೊದಲ ಸಲ ವಾರ್ಡಿಗೆ ಕರ್ಕೊಂಡು ಹೋಗಿದ್ದೆ. ಮೆಷಿನ್ ಅಲಾರಾಂ ಹೊಡೀತು. ದಿನಾ ಹೊಡೆಯುತ್ತೆ, ದೊಡ್ಡ ವಿಷಯ ಅಲ್ಲ. ಇವಳು ಬೆಚ್ಚಿ ಓಡಿದ್ಲು. ಇವಳ ಬೆಲ್ಟು ಸ್ಟ್ಯಾಂಡಿಗೆ ಸುತ್ಕೊಂಡು, ಸ್ಟ್ಯಾಂಡು ಬಿದ್ದು, ಒಬ್ರು ಅಜ್ಜಿ ಕೈಯಿಂದ ಸೂಜಿ ಕಿತ್ತು ಬಂತು. ರಕ್ತ ನಿಲ್ಲಿಸಿದ್ವಿ, ಅಜ್ಜಿ ಚೆನ್ನಾಗಿದಾರೆ. ‘ನಾಯಿಗೆ ಬೈಬೇಡಪ್ಪಾ’ ಅಂತ ನನಗೇ ಸಮಾಧಾನ ಹೇಳಿದ್ರು.” ಟವೆಲಿನೊಳಗಿನ ನಡುಕಕ್ಕೆ ಅವನ ತೋಳು ಕೂಡ ನಡುಗುತ್ತಿತ್ತು. “ಇವಳದ್ದೇನೂ ತಪ್ಪಿಲ್ಲ. ನಿಮ್ಮದೂ ಇಲ್ಲ. ನನಗೇ ನಾಯಿ ಸಾಕೋಕೆ ಬರಲ್ಲ ಅಷ್ಟೇ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಅವನು ತಪ್ಪನ್ನು ತನ್ನ ತಲೆಯ ಮೇಲೆ ಎಳೆದುಕೊಂಡದ್ದನ್ನು ಮಾತ್ರ ತಡೆಯಲಾಗಲಿಲ್ಲ.

“ಬನ್ನಿ,” ಎಂದಳು.

ಹತ್ತಿಯನ್ನು ಗೂಡಿಗೆ ಬಿಟ್ಟು, ಕೆಂಚನ ಗೂಡಿನ ಬಾಗಿಲು ತೆಗೆದು, ಮಂಡಿಯೂರಿ, ಅವನ ಬಾಯಿಯೊಳಗೆ ತನ್ನ ಇಡೀ ಕೈ ಇಟ್ಟಳು. ಕೆಂಚ ಕಂಗಾಲಾದ. ಒಡೆದುಹೋಗುವ ಸಾಮಾನನ್ನು ಯಾರೋ ಹಿಡಿಯಲು ಕೊಟ್ಟಂತೆ ಬಾಯಿ ಅಗಲಿಸಿಕೊಂಡೇ ನಿಂತ. ಆಮೇಲೆ ನಾಲಗೆಯಿಂದ ಮೆಲ್ಲಗೆ ಆ ಕೈಯನ್ನು ಹೊರಗೆ ತಳ್ಳಿ, ನೆಕ್ಕಿದ.

“ಇವನು ಕಚ್ಚಲ್ಲ. ಯಾವತ್ತೂ ಕಚ್ಚಿಲ್ಲ. ನಾನು ಸುಳ್ಳು ಹೇಳ್ದೆ.”

“ಯಾಕೆ?”

“ನನಗೆ ಬೇಕಿತ್ತು ಇವನು. ಮನೆಗೆ ಕರ್ಕೊಂಡು ಹೋಗೋಕಾಗಲ್ಲ. ಕೊಡೋಕೂ ಆಗ್ಲಿಲ್ಲ.”

ಅವನ ಜೇಬಿನಿಂದ ಒಂದು ಕೈ ಹೊರಬಂತು. ಕೆಂಚ ಅದರ ಕೆಳಗೆ ತಲೆ ತೂರಿಸಿದ.

“ನನಗೆ ಸುಳ್ಳು ಹೇಳಿದ್ರಿ, ಹೋಗ್ಲಿ,” ಎಂದ ಕೊನೆಗೆ. “ಹತ್ತಿ ಏನು ಮಾಡಿದ್ಲು ನಿಮಗೆ?”

ಅವಳು ಕೆಂಚನ ಗೂಡಿನ ಕೆಂಪು ಪಟ್ಟಿ ಬಿಚ್ಚತೊಡಗಿದಳು.

ಅಂದೇ ಕೆಂಚನನ್ನು ಕರೆದುಕೊಂಡು ಹೋದ. ಕೆಂಚ ಕಾರು ಹತ್ತಿ, ಹಿಂದಿನ ಸೀಟಿನಲ್ಲಿ ಮೂರು ಸುತ್ತು ಹಾಕಿ ಮಲಗಿದ. ಇತ್ತ ತಿರುಗಲೂ ಇಲ್ಲ. ತನಗೆ ಆಗಬೇಕಾದ್ದೇ ಆಯಿತು ಎಂದುಕೊಂಡಳು ಅವಳು. ಆದರೂ ಸ್ವೆಟರಿನ ತೋಳು ಒದ್ದೆಯಾಯಿತು.

ಮ್ಯಾಡಮ್ ಹತ್ತಿರ ಅವಳೇ ಹೋಗಿ ಎಲ್ಲ ಹೇಳಿದಳು. “ಇಷ್ಟು ದಿನ ನಿನ್ನ ಮಾತು ನಂಬಿ ಕೂತಿದ್ನಲ್ಲೇ ನಾನು!” ಎಂದು ಅವರು ಮುಖ ಮುರಿದು, ನಾಯಿ ತೋರಿಸುವ ಕೆಲಸದಿಂದ ತೆಗೆದು ಗೂಡು ತೊಳೆಯಲು ಹಾಕಿದರು. ಅವಳು ಬಾಯಿ ಮುಚ್ಚಿಕೊಂಡು ತೊಳೆದಳು. ತೊಳೆದು ಮುಗಿದ ಮೇಲೆ ದಿನವೂ ಹತ್ತಿಯ ಗೂಡಿನೊಳಗೆ ಹೋಗಿ ಅದಕ್ಕೆ ಬೆನ್ನು ಮಾಡಿ ಕೂರುತ್ತಿದ್ದಳು. ಹೆದರಿದ ನಾಯಿಯನ್ನು ನೋಡಬಾರದು, ಕರೆಯಬಾರದು. ಇಬ್ಬರು ಮನುಷ್ಯರು ಅದಕ್ಕೆ ಬೆನ್ನು ಮಾಡಿ ಕೂತು ತಮ್ಮತಮ್ಮಲ್ಲೇ ಮೆತ್ತಗೆ ಮಾತಾಡುತ್ತಿರಬೇಕು. ದನಿಗಳು ಅಭ್ಯಾಸವಾದಂತೆ ಅದೇ ಹತ್ತಿರ ಬರುತ್ತದೆ. ಶೆಲ್ಟರಿನವರ ರೀತಿ ಅದು. ಆದರೆ ಅವಳ ಜೊತೆ ಕೂರಲು ಈಗ ಯಾರಿಗೂ ಮನಸ್ಸಿರಲಿಲ್ಲ. ಒಬ್ಬಳೇ ಗೋಡೆಯೊಂದಿಗೆ ಮಾತಾಡುತ್ತಿದ್ದಳು.

ಒಂದು ಮಧ್ಯಾಹ್ನ ಗೂಡಿನ ಬಾಗಿಲಲ್ಲಿ ನೆರಳು ಬಿತ್ತು.

“ನಿಮಗೆ ಬೈಯೋಕೆ ಬಂದಿದೀನಿ,” ಎಂದ ನರ್ಸ್. “ಅವತ್ತು ಸರಿಯಾಗಿ ಬೈಯೋಕಾಗ್ಲಿಲ್ಲ.”

“ಬೈರಿ. ಆದ್ರೆ ಇಲ್ಲಿ ಕೂತು, ಮೆತ್ತಗೆ. ಹತ್ತಿ ಕೇಳಿಸ್ಕೊಳ್ತಿದಾಳೆ.”

ಅವನು ಅನುಮಾನದಿಂದಲೇ ಅವಳ ಪಕ್ಕ ಕೂತ. ಇಬ್ಬರ ಭುಜಗಳ ನಡುವೆ ಒಂದು ಗೇಣು. ಬೆನ್ನ ಹಿಂದೆ, ಮೂಲೆಯಲ್ಲಿ, ಹತ್ತಿ.

“ಕೆಂಚ ಎಲ್ಲಿ?” ಎಂದು ಕೇಳಿದಳು.

“ಡ್ಯೂಟಿಲಿದಾನೆ, ಸಿಸ್ಟರ್ ಒಬ್ರು ನೋಡ್ಕೊಳ್ತಿದಾರೆ. ಇನ್ನೊಂದು ನಾಯಿಗೆ ಡಾಕ್ಟರ್ ಒಪ್ಪಿರ್ಲಿಲ್ಲ. ಆ ಅಜ್ಜಿನೇ ಹಟ ಹಿಡಿದು ಒಪ್ಪಿಸಿದ್ರು. ಈಗ ಕೆಂಚ ಅವರ ಮಂಚದ ಪಕ್ಕ ಬಿಟ್ಟು ಕದಲಲ್ಲ.” ಗಂಟಲು ಸರಿಮಾಡಿಕೊಂಡ. ಜೋಗುಳದ ದನಿಯಲ್ಲಿ ಶುರುಮಾಡಿದ. “ನೀವು ಮಹಾ ಸುಳ್ಳಿ.”

“ಹೂಂ.”

“ನಿಮ್ಮಿಂದ ಎಲ್ಲರ ಮುಂದೆ ಪೆಚ್ಚಾದೆ.”

“ಹೂಂ.”

“ನಿಮ್ಮಂಥೋರ್ನ ನಂಬಿದ್ದಕ್ಕೆ ನನಗೆ ನಾನೇ ಹೊಡ್ಕೋಬೇಕು ಅನ್ನಿಸುತ್ತೆ. ಬರೀ ಹೂಂ ಅಂದ್ರೆ ಹೇಗೆ ರೀ? ನೀವೂ ಏನಾದ್ರೂ ಹೇಳಿ.”

ಅವಳು ಎದುರಿನ ಗೋಡೆ ನೋಡಿದಳು. ಮುಖ ನೋಡಿ ಹೇಳಲಾಗದ್ದನ್ನು ಗೋಡೆಗೆ ಹೇಳಬಹುದಿತ್ತು.

“ಇನ್ನೊಂದು ಸುಳ್ಳಿದೆ,” ಎಂದಳು. “ಸರಿಹೋಗ್ತಾಳೆ, ಸರಿಹೋಗ್ತಾಳೆ ಅಂತ ಪ್ರತಿ ವಾರ ಹೇಳ್ತಿದ್ನಲ್ಲ. ಅಲ್ಲಿ ಸರಿಹೋಗಲ್ಲ ಅಂತ ಗೊತ್ತಿತ್ತು. ನಿಜ ಹೇಳಿದ್ರೆ ಅವತ್ತೇ ಇವಳನ್ನ ಬಿಟ್ಟು ಹೋಗ್ತಿದ್ರಿ. ಆಮೇಲೆ ನೀವು ಬರೋಕೆ ಕಾರಣಾನೇ ಇರ್ತಿರ್ಲಿಲ್ಲ.”

ಅವನು ಗೋಡೆ ಬಿಟ್ಟು ಅವಳನ್ನು ನೋಡಿದ.

“ನಾನು ಬರ್ಲಿ ಅಂತ… ಇವಳು ಅಲ್ಲಿ ನಡುಗ್ತಾ ಇದ್ಲು?”

“ಹೂಂ.” ದನಿ ಒಡೆಯಿತು. ಆದರೂ ಮೆತ್ತಗೇ ಇತ್ತು. “ಈಗ ಬೈರಿ.”

ಅವನು ಬೈಯಲಿಲ್ಲ. ಅದೇ ಜೋಗುಳದ ದನಿಯಲ್ಲಿ, “ನಿಮ್ಮ ಫೋನ್ ನಂಬರ್ ನನ್ನ ಹತ್ರ ಮೊದಲ ದಿನದಿಂದ ಇದೆ,” ಎಂದ. “ಊಟ ಮಾಡ್ತಿಲ್ಲ ಅಂತ ಹೇಳೋಕೆ ಇಲ್ಲೀವರೆಗೆ ಬರ್ಬೇಕಿತ್ತಾ? ಅವಳು ಮಂಚದ ಕೆಳಗಿಂದ ಈಚೆ ಬರ್ತಿರ್ಲಿಲ್ಲ. ನನಗೂ ಕಣ್ಣಿದೆ. ವಾಪಸ್ ಬಿಟ್ರೆ ಆಮೇಲೆ ಕೇಳೋಕೆ ಏನೂ ಉಳಿಯಲ್ವಲ್ಲ ಅಂತ… ಇನ್ನೊಂದ್ವಾರ, ಇನ್ನೊಂದ್ವಾರ ಅಂತ ನಾನೂ ತಳ್ಳಿದೆ.”

ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂದವು. ಎರಡನ್ನೂ ನುಂಗಿಕೊಂಡಳು. ಜೋರಾಗಿ ಮಾಡುವಂತಿರಲಿಲ್ಲ. ಇಬ್ಬರೂ ಯಾರ ಕಾಲಿಗೆ ಬಿದ್ದು ಕ್ಷಮೆ ಕೇಳಬೇಕಿತ್ತೋ ಅವಳು ಬೆನ್ನ ಹಿಂದೆಯೇ ಇದ್ದಳು. ಇವರಿಗೆ ತಿರುಗುವ ಹಕ್ಕಿರಲಿಲ್ಲ.

ಅವನ ಕಿರುಬೆರಳು ಸಿಮೆಂಟ್ ನೆಲದ ಮೇಲೆ ಸರಿದು ಬಂದು ಅವಳ ಕಿರುಬೆರಳಿಗೆ ತಾಗಿ ನಿಂತಿತು. ಅವಳು ತೆಗೆಯಲಿಲ್ಲ.

ಆಗ ಹಿಂದೆ ಉಗುರಿನ ಸದ್ದಾಯಿತು. ಎರಡು ಹೆಜ್ಜೆ. ತಡೆದು, ಇನ್ನೊಂದು. ನೀರಿನ ಬಟ್ಟಲು ಅವರಿಂದ ಮೊಳ ದೂರದಲ್ಲಿತ್ತು. ಲಪಲಪ ಎಂದು ಕುಡಿಯುವ ಸದ್ದು ಶುರುವಾಯಿತು. ಇವರು ಬೆರಗಾಗಿ ಮಾತು ನಿಲ್ಲಿಸಿದರು. ಅದೂ ನಿಂತಿತು.

“ಮಾತಾಡಿ,” ಎಂದು ಪಿಸುಗುಟ್ಟಿದಳು. “ನಿಲ್ಲಿಸಬೇಡಿ.”

“ಏನು ಮಾತಾಡ್ಲಿ?”

“ಏನಾದ್ರೂ.”

“ನಿಮ್ಮನ್ನ ಕಂಡ್ರೆ ನನಗೆ ಇನ್ನೂ ಕೋಪ ಇದೆ,” ಎಂದ ಅವನು ಮೆಲ್ಲಗೆ. “ನಿಮ್ಮನ್ನ ಕಾಣದೆ ಇರೋಕೂ ಆಗ್ತಿಲ್ಲ.”

ನೀರಿನ ಸದ್ದು ಮತ್ತೆ ಶುರುವಾಯಿತು.

“ನಾಳೆನೂ ಬೈಯೋಕೆ ಬರ್ತೀರಾ?” ಎಂದಳು.

“ಇವಳು ನಮಗೆ ತಿರುಗಿ ನೋಡಿ ಅನ್ನೋವರೆಗೂ ಬರ್ತೀನಿ.”