ಕಫನ್ ಹೊದ್ದು ಇಟ್ಟ ಆಣೆ

"ಸುಳ್ಳಾಣೆ ಇಟ್ಟೋರನ್ನ ಈ ಬಟ್ಟೆ ಬಿಡಲ್ಲ ಮಗಳೇ. ನಂಬಿಕೆ ಇಲ್ಲದಿದ್ರೆ ಇಲ್ಲ ಅಂದ್ಬಿಡು. ದೇವರಿಗೇನೂ ಕಡಿಮೆಯಾಗಲ್ಲ," ಎಂದರು ಕಿಯಾಯಿ ಮಸ್ರುರ್, ಬೊಂಡೊವೊಸೊ ಸೀಮೆಯ ಹಳ್ಳಿ ಮಸೀದಿಯೊಂದರ ವೃದ್ಧ ಗುರು.

ರೆತ್ನೊ ನಕ್ಕಳು. "ದೇವರಿಗಲ್ಲ ಕಿಯಾಯಿ, ನಮಗೆ ವೋಟು ಕಡಿಮೆಯಾಗುತ್ತೆ. ಸಂತೇಲಿ ಅಳೆದು ಹರಿದು ಕೊಡೋ ಬಟ್ಟೆ ಇದು. ಇದಕ್ಕೇನು ಗೊತ್ತಾಗುತ್ತೆ?"

ಜಿಲ್ಲೆಯ ಚುನಾವಣೆಗೆ ನಿಂತಿದ್ದ ಹಾಜಿ ಸುಜರ್ವೊನ ಪ್ರಚಾರವೆಲ್ಲ ಅವಳ ಕೈಯಲ್ಲಿತ್ತು. ಯಾವ ಊರಲ್ಲಿ ಯಾವ ದುವಾ ಹೇಳಬೇಕು, ಎಲ್ಲಿ ಗಂಟಲು ಕಟ್ಟಬೇಕು ಎಂದು ಬರೆದುಕೊಡುವವಳು ಅವಳೇ. ಅವಳಿಗೆ ದೇವರಲ್ಲಿ ನಂಬಿಕೆಯಿರಲಿಲ್ಲ. ಹಾಜಿಗೂ ಇರಲಿಲ್ಲ. ಬಾಗಿಲು ಹಾಕಿಕೊಂಡು ಕಾಫಿ ಕುಡಿಯುವಾಗ ಇಬ್ಬರೂ ಅದನ್ನೇ ಆಡಿಕೊಂಡು ನಗುತ್ತಿದ್ದರು.

"ಹಾಜಿಯ ದುವಾ ಬರೆಯೋಳಿಗೆ ದೇವರೇ ಇಲ್ಲವಂತೆ" ಎಂದು ಎದುರಾಳಿಗಳು ಈಗ ಊರೂರು ಸಾರಿದ್ದರು. ಅಂಥ ಅಪವಾದಕ್ಕೆ ಆ ಸೀಮೆಯಲ್ಲಿ ಒಂದೇ ಉತ್ತರ. ಹೆಣದ ಹಾಗೆ ಕಫನ್ ಸುತ್ತಿಸಿಕೊಂಡು, ಮಸೀದಿಯಲ್ಲಿ ಮಲಗಿ ಆಣೆ ಇಡುವುದು.

"ಒಂದು ಗಳಿಗೆ ಹೆಣ ಆಗು ರೆತ್ನೊ, ಆಮೇಲೆ ದೊರೆಗಳಾಗಿರೋಣ," ಎಂದಿದ್ದ ಹಾಜಿ.

ಇಳಿಹೊತ್ತಿನ ಅಸರ್ ನಮಾಜು ಮುಗಿಯುವಷ್ಟರಲ್ಲಿ ಊರೆಲ್ಲ ನೆರೆದಿತ್ತು. ಹೆಂಗಸರು ಅವಳನ್ನು ಮಲಗಿಸಿ ಕಫನ್ ಸುತ್ತಿ, ನೆತ್ತಿಯ ಮೇಲೆ, ಸೊಂಟದಲ್ಲಿ, ಪಾದದ ಕೆಳಗೆ ಗಂಟು ಬಿಗಿದರು. ಕರ್ಪೂರದ ವಾಸನೆ ಗಾಢವಾಗಿತ್ತು. ಯಾರೋ ಅವಳ ಬಾಯ ಬಳಿ ಮೈಕು ಹಿಡಿದರು.

"ನಾನು ಅಲ್ಲಾಹನನ್ನು ನಂಬುತ್ತೇನೆ. ಇದು ಸುಳ್ಳಾದರೆ ಈ ಬಟ್ಟೆಯೇ ನನ್ನನ್ನು ಒಯ್ಯಲಿ." ಅದೂ ಅವಳೇ ಬರೆದುಕೊಂಡ ಮಾತು.

ಕರ್ಪೂರದ ವಾಸನೆ ಆರಿಹೋಯಿತು. ಹಸಿಮಣ್ಣಿನ ವಾಸನೆ ಬಂತು. ಬೆನ್ನಿನ ಕೆಳಗೇ ಗುದ್ದಲಿಯ ಸದ್ದು. ಯಾರೋ ಅಗೆಯುತ್ತಿದ್ದರು. ಸೊಂಟದ ಗಂಟು ಬಿಗಿಯಿತು. ಇನ್ನೂ ಬಿಗಿಯಿತು. ಬಟ್ಟೆ ಬಾಯೊಳಕ್ಕೆ ನುಗ್ಗಿತು. ಕತ್ತಲೆ. ಮಣ್ಣು. ಉಸಿರಿಲ್ಲ.

"ಒದ್ದಾಡಬೇಡ ಕಣೇ, ಜನ ನೋಡ್ತಿದ್ದಾರೆ!" ಹಾಜಿಯ ಪಿಸುಮಾತು.

"ನಿಜ ಹೇಳ್ಬಿಡು ಮಗಳೇ!" ಕಿಯಾಯಿಯ ದನಿ.

ಭಯಕ್ಕೆ ಸೋತು ಆ ಗಳಿಗೆಯಲ್ಲೇ ದೇವರನ್ನು ಒಪ್ಪಿಕೊಳ್ಳಬಹುದಿತ್ತು. ಅವಳು ಒಪ್ಪಲಿಲ್ಲ. ಬಟ್ಟೆಯನ್ನು ನಾಲಿಗೆಯಿಂದ ತಳ್ಳಿ ಕೂಗಿದಳು.

"ನಂಬಲ್ಲ! ಆಗಲೂ ನಂಬಿರ್ಲಿಲ್ಲ, ಈಗಲೂ ನಂಬಲ್ಲ! ಹೆದರಿಸಿದ್ರೆ ನಂಬ್ತೀನಾ? ಈ ಹಾಜಿನೂ ನಂಬಲ್ಲ!"

ಮಾತು ಮೈಕಿನಲ್ಲಿ ಗದ್ದೆಗಳಾಚೆಗೂ ಕೇಳಿತು. ಯಾರೂ ಮುಟ್ಟದೆ ಗಂಟುಗಳು ಬಿಚ್ಚಿಕೊಂಡವು.

ಅವಳು ಎದ್ದು ಕುಳಿತಳು. ಎಡಗೈ ಬಿಳಿಚಿ ತಣ್ಣಗಾಗಿತ್ತು. ನಾಲಿಗೆ ಮರದ ಚೂರಿನಂತೆ ಬಾಯಲ್ಲಿ ಬಿದ್ದಿತ್ತು. ಅವೆರಡಕ್ಕೂ ಮತ್ತೆಂದೂ ಜೀವ ಬರಲಿಲ್ಲ.

ಕಿಯಾಯಿ ತಮ್ಮ ಹೆಗಲವಸ್ತ್ರದಿಂದ ಅವಳ ತುಟಿಯ ಮಣ್ಣು ಒರೆಸಿದರು. "ಈಗಲಾದ್ರೂ ನಂಬ್ತೀಯಾ ತಾಯಿ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಮುದುಕರ ಕಣ್ಣು ತುಂಬಿತು. ಸಿಟ್ಟು ಬರಲಿಲ್ಲ.

"ಹುಚ್ಚು ಹಿಡಿದಿದೆ ಇವಳಿಗೆ," ಎನ್ನುತ್ತ ಹಾಜಿ ಚಪ್ಪಲಿ ಹುಡುಕುತ್ತಿದ್ದ. ಬಾಗಿಲಲ್ಲಿ ನಿಂತ ಜನ ದಾರಿ ಬಿಡಲಿಲ್ಲ.

"ಹಾಗಾದ್ರೆ ನೀವೂ ಒಂದ್ಸಲ ಮಲಗಿ ಹಾಜಿಯವರೇ," ಎಂದಳೊಬ್ಬ ಮುದುಕಿ.

ರೆತ್ನೊ ಪಕ್ಕಕ್ಕೆ ಸರಿದು, ಬಲಗೈಯಿಂದ ಕಫನ್ನಿನ ಅಂಚನ್ನು ಎತ್ತಿ ಹಿಡಿದಳು.